ಶ್ರೀಲಂಕಾಕ್ಕೆ ಯಾವ ತಿಂಗಳು ಹೋಗಬೇಕು? ಮನೆಯಲ್ಲಿ ಜಗಳ ಹತ್ತಿದೆ, ಯಾರಾದರೂ ಬಿಡಿಸಿ

ಕೇಶ್ವಾಪುರದ ಸೊಸೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಶ್ರೀಲಂಕಾಕ್ಕೆ ಹೋಗಬೇಕೆಂದು ಎರಡು ವರ್ಷಗಳಿಂದ ಹಣ ಕೂಡಿಡುತ್ತಿದ್ದೇವೆ. ನಾನು, ನಮ್ಮ ಯಜಮಾನರು, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವು. ಅವರ ಬೇಡಿಕೆ ಒಂದೇ, ಸೀತೆ ಕುಳಿತಿದ್ದ ಅಶೋಕವನ ನೋಡಬೇಕು. ಮಕ್ಕಳಿಗೆ ಸಮುದ್ರ ಬೇಕು. ಯಜಮಾನರಿಗೆ ಆನೆ ಬೇಕು. ನನಗೆ ಎಂಟು ದಿನ ಅಡುಗೆಮನೆ ಕಾಣದಿದ್ದರೆ ಸಾಕು.

ತೊಡಕು ಇರುವುದು ತಿಂಗಳಿನಲ್ಲಿ. ಇವರ ಗೆಳೆಯರೊಬ್ಬರು ಡಿಸೆಂಬರ್‌ನಲ್ಲಿ ಹೋಗಿ, ನಾಲ್ಕು ದಿನ ಹೋಟೆಲಿನ ಕಿಟಕಿಯಿಂದ ಮಳೆ ನೋಡಿ ಬಂದರು. "ಡಿಸೆಂಬರ್ ಮಾತ್ರ ಬೇಡ" ಎನ್ನುತ್ತಾರೆ. ನನ್ನ ತಂಗಿ ಮೇ ತಿಂಗಳಲ್ಲಿ ಹೋಗಿದ್ದಳು. ದಂಡೆಯಲ್ಲಿ ಕೆಂಪು ಬಾವುಟ, ನೀರಿಗೆ ಕಾಲಿಡಲೂ ಬಿಡಲಿಲ್ಲವಂತೆ. "ಡಿಸೆಂಬರ್‌ನಲ್ಲೇ ಹೋಗು ಅಕ್ಕಾ" ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಏಜೆಂಟರನ್ನು ಕೇಳಿದರೆ "ಉಷ್ಣವಲಯದ ದೇಶ ಮೇಡಂ, ವರ್ಷವಿಡೀ ಚೆನ್ನಾಗಿರುತ್ತದೆ" ಎಂದು ನಕ್ಕರು. ಅವರು ನಕ್ಕ ಮೇಲೆ ನನಗೆ ಇನ್ನಷ್ಟು ಭಯವಾಯಿತು.

ನಮಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಇಲ್ಲವೇ ದಸರೆಗೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉಣಕಲ್ ಕೆರೆದಂಡೆ

ಡಿಸೆಂಬರ್‌ನಿಂದ ಮಾರ್ಚ್. ಮುಗಿಯಿತು. ಮುಂದಿನ ಪ್ರಶ್ನೆ?

ಬ್ಯಾಡಗಿ ಖಾರ

ಮುಗಿಯಲಿಲ್ಲ. ಡಿಸೆಂಬರ್‌ನಲ್ಲಿ ಮಳೆ ನೋಡಿ ಬಂದವರ ಕಥೆಯನ್ನು ಅವರು ಮೇಲೆಯೇ ಬರೆದಿದ್ದಾರೆ. ಓದದೆ ಉತ್ತರ ಕೊಡುವವರಿಗೆ ದಂಡ ಹಾಕಬೇಕು.

ಭೂಗೋಳದ ಮಾಸ್ತರ, ಧಾರವಾಡ

ತಂಗೀ, ನಿಮ್ಮ ಇಬ್ಬರು ಸಾಕ್ಷಿಗಳೂ ನಿಜವನ್ನೇ ಹೇಳಿದ್ದಾರೆ. ಅವರು ಹೋದದ್ದು ಒಂದೇ ದ್ವೀಪದ ಎರಡು ಬೇರೆ ದಂಡೆಗಳಿಗೆ. ಕೇಳಿ ನೋಡಿ, ಇವರ ಗೆಳೆಯರು ಪೂರ್ವ ದಂಡೆಯಲ್ಲಿ ಇಳಿದಿರಬೇಕು, ನಿಮ್ಮ ತಂಗಿ ಪಶ್ಚಿಮದಲ್ಲಿ.

ಇದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ನಮಗೆ ಮುಂಗಾರು, ಹಿಂಗಾರು ಎರಡೂ ಗೊತ್ತು. ಲಂಕೆಯಲ್ಲಿಯೂ ಎರಡೂ ಇವೆ. ವ್ಯತ್ಯಾಸವೆಂದರೆ ಅಲ್ಲಿ ನಡುವೆ ಬೆಟ್ಟಗಳ ಗುಂಪು ನಿಂತಿದೆ. ಅತಿ ಎತ್ತರದ ಪಿದುರುತಲಾಗಲ 2,524 ಮೀಟರ್. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ ಬರುವ ಮೋಡಗಳು ಕೊಲಂಬೊ, ಬೆಂಟೋಟ, ಗಾಲ್ ಕಡೆ ಸುರಿದು ಬೆಟ್ಟಕ್ಕೆ ಬಡಿದು ಬರಿದಾಗುತ್ತವೆ. ಆಗ ಬೆಟ್ಟದಾಚೆಯ ಮಳೆನೆರಳಿನಲ್ಲಿರುವ ಪೂರ್ವದ ಟ್ರಿಂಕೊಮಲಿ, ಬಟ್ಟಿಕಲೋವ ಒಣಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದಿಂದ ಗಾಳಿ ತಿರುಗುತ್ತದೆ. ಆಗ ಪೂರ್ವಕ್ಕೆ, ಉತ್ತರದ ಜಾಫ್ನಾಕ್ಕೆ ಮಳೆ. ಪಶ್ಚಿಮ ಮತ್ತು ದಕ್ಷಿಣದಲ್ಲಿ ಬಿಸಿಲು.

ಕಲಘಟಗಿಯಲ್ಲಿ ಕೊಡೆ ಬಿಚ್ಚಿದವರು ನವಲಗುಂದಕ್ಕೆ ಬಂದು ಧೂಳು ಒರೆಸಿಕೊಳ್ಳುವುದಿಲ್ಲವೇ? ಅದೇ ಕಥೆ, ಆದರೆ ವರ್ಷಕ್ಕೆ ಎರಡು ಸಲ, ದಿಕ್ಕು ಬದಲಿಸಿಕೊಂಡು. ಹಾಗಾಗಿ "ಯಾವ ತಿಂಗಳು ಒಳ್ಳೆಯದು" ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಿಮಗೆ ರಜೆ ಇರುವ ತಿಂಗಳಿನಲ್ಲಿ ಯಾವ ದಂಡೆ ಒಳ್ಳೆಯದು ಎಂದು ಕೇಳಿ.

ಕೇಶ್ವಾಪುರದ ಸೊಸೆ, ಹುಬ್ಬಳ್ಳಿ

ಮಾಸ್ತರರೇ, ಈಗಷ್ಟೇ ಫೋನ್ ಮಾಡಿ ಕೇಳಿದೆ. ಗೆಳೆಯರು ಹೋದದ್ದು ಟ್ರಿಂಕೊಮಲಿಗೆ. ತಂಗಿ ಹೋದದ್ದು ಬೆಂಟೋಟಕ್ಕೆ. ಯಜಮಾನರು ನಿಮ್ಮ ಬರಹವನ್ನು ಎರಡು ಸಲ ಓದಿದರು. ಇಷ್ಟು ದಿನ ಕೂಗಾಡಿದ್ದು ಯಾವುದಕ್ಕೆ ಎಂದು ಈಗ ಇಬ್ಬರಿಗೂ ತಿಳಿಯುತ್ತಿಲ್ಲ.

ಗದಗದ ಎರೆಹೊಲ

ಮಾಸ್ತರರ ಮಾತಿಗೆ ಒಂದು ಸೇರಿಸುತ್ತೇನೆ. ಅಲ್ಲಿಯ ರೈತರೂ ನಮ್ಮ ಹಾಗೆಯೇ ಎರಡು ಹಂಗಾಮು ಎಣಿಸುತ್ತಾರೆ. ಮುಂಗಾರಿನದಕ್ಕೆ "ಯಾಲ", ಹಿಂಗಾರಿನದಕ್ಕೆ "ಮಹಾ". ಹೆಸರೇ ಹೇಳುವ ಹಾಗೆ ಅವರಿಗೆ ಹಿಂಗಾರು ದೊಡ್ಡದು. ಒಣ ಸೀಮೆಯ ಭತ್ತ, ಕೆರೆ ಎಲ್ಲವೂ ಅದರ ಮೇಲೆ ನಿಂತಿವೆ. ನಮ್ಮಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ನಿಂತ ಹಾಗೆ.

2019ರಲ್ಲಿ ನಮ್ಮ ರೈತರ ಗುಂಪಿನ ಜೊತೆ ನಾನು ಅನುರಾಧಪುರದ ಕಡೆ ಹೋಗಿದ್ದೆ. ಜುಲೈ ತಿಂಗಳು. ಊರಲ್ಲಿ ಮಳೆ ಹಿಡಿದಿತ್ತೆಂದು ಕೊಡೆ, ರೇನ್‌ಕೋಟ್ ಎಲ್ಲ ಕಟ್ಟಿಕೊಂಡು ಹೋದೆ. ಅಲ್ಲಿ ನೋಡಿದರೆ ಕೆರೆಯಂಗಳ ಬಿರುಕು ಬಿಟ್ಟಿದೆ, ಹುಲ್ಲು ಕಂದಿದೆ, ಗಾಳಿ ನಮ್ಮ ಕಪ್ಪತಗುಡ್ಡದ ಗಾಳಿಯ ಹಾಗೆ ಬೀಸುತ್ತಿದೆ. ಕೊಡೆಯನ್ನು ಊರುಗೋಲು ಮಾಡಿಕೊಂಡು ತಿರುಗಿದೆ. ಗೈಡ್ ಹುಡುಗ "ನಿಮ್ಮಲ್ಲಿ ಮಳೆ ಜಾಸ್ತಿಯೇ?" ಎಂದು ಕೇಳಿದ. ಗದಗದವನಿಗೆ ಕೇಳುವ ಪ್ರಶ್ನೆಯೇ ಅದು?

ಎರಡು ಚೀಲ ಒಂದು ಕೊಡೆ, ವಿದ್ಯಾನಗರ

ನಾನು ಮೂರು ಸಲ ಹೋಗಿದ್ದೇನೆ: ಒಮ್ಮೆ ಜನವರಿ, ಒಮ್ಮೆ ಆಗಸ್ಟ್, ಒಮ್ಮೆ ಬುದ್ಧಿ ಇಲ್ಲದೆ ಅಕ್ಟೋಬರ್. ಮೂರರಲ್ಲಿ ಆಗಸ್ಟ್‌ಗೆ ನನ್ನ ಮತ.

ಕ್ಯಾಂಡಿಯಿಂದ ಎಲ್ಲಾ ಕಡೆಗೆ ಹೋಗುವ ಬೆಟ್ಟದ ರೈಲು (ಊರಿನ ಹೆಸರೇ "ಎಲ್ಲಾ", ತಮಾಷೆಯಲ್ಲ). ಕಾಯ್ದಿರಿಸಿದ ಡಬ್ಬಿ ಸಿಗದೆ ಮೂರನೆಯ ದರ್ಜೆಯಲ್ಲಿ ಬಾಗಿಲ ಬಳಿ ನಿಂತಿದ್ದೆ. ಹ್ಯಾಟನ್ ದಾಟುವಷ್ಟರಲ್ಲಿ ಜಡಿಮಳೆ. ಚಹಾ ತೋಟದಲ್ಲಿ ಹೆಂಗಸರು ತಲೆಗೆ ಪ್ಲಾಸ್ಟಿಕ್ ಹೊದ್ದು ಎಲೆ ಕೀಳುತ್ತಿದ್ದರು. ಬಾಗಿಲ ಹಿಡಿಕೆ ತಣ್ಣಗೆ ಕೊರೆಯುತ್ತಿತ್ತು, ಪಕ್ಕದ ಅಜ್ಜ ಶಾಲನ್ನು ಕಿವಿಗೆ ಸುತ್ತಿಕೊಂಡ. ಪಟ್ಟಿಪೊಲ ನಿಲ್ದಾಣ ಬಂತು, ಸಮುದ್ರ ಮಟ್ಟದಿಂದ 1,890 ಮೀಟರ್ ಆಸುಪಾಸು. ಅಲ್ಲಿಂದ ಮುಂದೆ ಒಂದು ಸುರಂಗ. ಕತ್ತಲಲ್ಲಿ ಮಕ್ಕಳೆಲ್ಲ ಕೂಗಿದರು. ಆಚೆ ಬದಿಗೆ ಬಂದಾಗ ಬಿಸಿಲು! ತೊಯ್ದ ಡಬ್ಬಿಯ ಮೇಲಿಂದ ಆವಿ ಏಳುತ್ತಿತ್ತು. ಅಜ್ಜ ಶಾಲು ಬಿಚ್ಚಿ ಮಡಚಿ ಚೀಲದಲ್ಲಿ ಇಟ್ಟ. ಅವನಿಗೆ ಅದು ನಿತ್ಯದ ಕೆಲಸ ಎನ್ನುವಂತೆ ಇತ್ತು. ಮಾಸ್ತರರು ಹೇಳಿದ ಮಳೆನೆರಳು ಎಂದರೆ ಏನೆಂದು ನನಗೆ ತಿಳಿದದ್ದು ಆ ಸುರಂಗದಲ್ಲಿ, ಎಂಟನೆಯ ತರಗತಿಯಲ್ಲಿ ಅಲ್ಲ.

ಆಗಸ್ಟ್‌ನಲ್ಲಿ ಇನ್ನೆರಡು ಲಾಭ. ಆ ಕಡೆಗೆ ಅದು ಒಣ ಕಾಲ, ಕೆರೆಗಳು ಬತ್ತುವುದರಿಂದ ಮಿನ್ನೇರಿಯ ಕೆರೆಯಂಗಳಕ್ಕೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ. ನಾನು ಎಣಿಸಲು ಹೋಗಿ ಎಂಬತ್ತಕ್ಕೆ ಬಿಟ್ಟೆ. ಮತ್ತೆ ಕ್ಯಾಂಡಿಯ ಪೆರಹೆರ ಉತ್ಸವ, ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹತ್ತು ರಾತ್ರಿ.

ಬ್ಯಾಡಗಿ ಖಾರ

ಪೆರಹೆರ ಸಮಯದಲ್ಲಿ ಕ್ಯಾಂಡಿಯಲ್ಲಿ ಕೋಣೆಯ ಬಾಡಿಗೆ ಎಷ್ಟು ಎಂದೂ ಬರೆಯಿರಿ. ಬರೀ ಆನೆ ಎಣಿಸಿ ಹೋಗಬೇಡಿ.

ಎರಡು ಚೀಲ ಒಂದು ಕೊಡೆ, ವಿದ್ಯಾನಗರ

ಬೇರೆ ದಿನಗಳ ಮೂರು ಪಟ್ಟು ಕೊಟ್ಟೆ. ಕಿಟಕಿ ಹಿತ್ತಲಿನ ಗೋಡೆಗೆ ತೆರೆಯುತ್ತಿತ್ತು. ಸಮಾಧಾನವಾಯಿತೇ?

ಬ್ಯಾಡಗಿ ಖಾರ

ಆಯಿತು.

ಸಪ್ತಾಪುರದ ಬಾಡಿಗೆ ಕೋಣೆ

ಅಕ್ಟೋಬರ್ ಏಕೆ ಬುದ್ಧಿ ಇಲ್ಲದ ತಿಂಗಳು? ಅವರಿಗೆ ದಸರೆ ರಜೆಯೂ ಇದೆಯಲ್ಲ. ಟಿಕೆಟ್ ಸಹ ಅಗ್ಗ.

ಎರಡು ಚೀಲ ಒಂದು ಕೊಡೆ, ವಿದ್ಯಾನಗರ

ಅಗ್ಗವಾಗಿರುವುದಕ್ಕೆ ಕಾರಣ ಇರುತ್ತದೆ ತಮ್ಮಾ. ಅಕ್ಟೋಬರ್, ನವೆಂಬರ್ ಎರಡು ಮಾರುತಗಳ ನಡುವಿನ ಸಂಧಿಕಾಲ. ಆಗ ದಂಡೆ ಆರಿಸುವ ಆಟ ನಡೆಯುವುದಿಲ್ಲ, ಎಲ್ಲ ಕಡೆಗೂ ಮಳೆ. ಬೆಳಿಗ್ಗೆ ನೀಲಿ ಆಕಾಶ, ಹನ್ನೆರಡಕ್ಕೆ ಸೆಖೆ, ಎರಡೂವರೆಗೆ ಗುಡುಗು. ಮೂರು ದಿನ ನಾನು ಹೀಗೆಯೇ ಒಂದು ಚಹಾ ಅಂಗಡಿಯ ತಗಡಿನ ಕೆಳಗೆ ನಿಂತೆ. ಅಂಗಡಿಯವನು ನಾಲ್ಕನೆಯ ದಿನ ನಾನು ಕೇಳುವ ಮೊದಲೇ ಚಹಾ ಕೊಟ್ಟ. ಇದರ ಮೇಲೆ ಯಾಲ ಅಭಯಾರಣ್ಯದ ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ.

ಹಾವೇರಿ ಯಾಲಕ್ಕಿ ಮಾಲೆ

ನವೆಂಬರ್ ಅಂತೂ ಬೇಡ ಅಕ್ಕಾ. ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ ಅದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಬಂದಾಗ ಬೆಟ್ಟ ಕುಸಿದು, ಹೊಳೆ ಉಕ್ಕಿ ನೂರಾರು ಜನ ಸತ್ತರು. ಆ ಬೆಟ್ಟದ ರೈಲು ಮಾರ್ಗಕ್ಕೂ ಪೆಟ್ಟು ಬಿತ್ತು. ಹೋಗುವವರು ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂದು ಮೊದಲು ವಿಚಾರಿಸಿ, ನಂತರವೇ ಕೋಣೆ ಹಿಡಿಯಿರಿ.

ಆಪೂಸ್ ಪಕ್ಷ, ಕೆಲಗೇರಿ

ಬೇಸಿಗೆಯಲ್ಲಿ ಧಾರವಾಡ ಬಿಟ್ಟು ಹೋಗುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮೇ ತಿಂಗಳಲ್ಲಿ ಇಲ್ಲಿ ಆಪೂಸ್ ಹುಲ್ಲಿನಲ್ಲಿ ಹಣ್ಣಾಗುತ್ತಿರುತ್ತದೆ, ಕೋಣೆ ತುಂಬ ಪರಿಮಳ. ಅದನ್ನು ಬಿಟ್ಟು ಸಮುದ್ರದ ಉಪ್ಪುನೀರು ಕುಡಿಯಲು ವಿಮಾನ ಹತ್ತುತ್ತೀರಾ?

ಉಣಕಲ್ ಕೆರೆದಂಡೆ

ಈ ವರ್ಷ ಕೆಲಗೇರಿ ಕಡೆ ಹೂವು ಹೇಗಿದೆ? ಡಜನ್‌ಗೆ ಎಷ್ಟು ಆಗಬಹುದು?

ಆಪೂಸ್ ಪಕ್ಷ, ಕೆಲಗೇರಿ

ಹೂವು ಚೆನ್ನಾಗಿದೆ. ದರವನ್ನು ಹೂವು ನೋಡಿ ಹೇಳುವವನು ತೋಟದವನಲ್ಲ, ದಲ್ಲಾಳಿ.

ಬ್ಯಾಡಗಿ ಖಾರ

ಮಾವಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಲಂಕೆ ಹತ್ತಿ ಉರಿಯುತ್ತಿದೆ.

ಟಿಕೆಟ್ ಕಿಟಕಿ, ಹುಬ್ಬಳ್ಳಿ

ನಾನೇ ಈ ವ್ಯಾಪಾರದವನು, ಆದ್ದರಿಂದ ಹೊಡೆತಕ್ಕೆ ಸಿದ್ಧನಾಗಿ ಬಂದಿದ್ದೇನೆ. "ವರ್ಷವಿಡೀ ಚೆನ್ನಾಗಿರುತ್ತದೆ" ಎನ್ನುವುದು ಪೂರ್ತಿ ಸುಳ್ಳಲ್ಲ. ತಾಪಮಾನ ಅಲ್ಲಿ ಹೆಚ್ಚು ಬದಲಾಗುವುದಿಲ್ಲ. ದ್ವೀಪ ಸಮಭಾಜಕ ವೃತ್ತದಿಂದ ಆರರಿಂದ ಹತ್ತು ಡಿಗ್ರಿ ಮೇಲಿದೆ. ಕೊಲಂಬೊದಲ್ಲಿ ಜನವರಿ ಇರಲಿ, ಜುಲೈ ಇರಲಿ, ಮಧ್ಯಾಹ್ನ 30, 31 ಡಿಗ್ರಿ. ನಾವು ಏಪ್ರಿಲ್‌ನಲ್ಲಿ 37 ಕಂಡವರು. ಹಾಗಾಗಿ ಗಿರಾಕಿ "ಬಿಸಿಲು ಹೇಗೆ" ಎಂದರೆ ನಾವು "ಚೆನ್ನಾಗಿದೆ" ಎನ್ನುತ್ತೇವೆ. ಗಿರಾಕಿ "ಮಳೆ ಹೇಗೆ" ಎಂದು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ತಪ್ಪು ಇಬ್ಬರದೂ ಇದೆ.

ಹಾವೇರಿ ಯಾಲಕ್ಕಿ ಮಾಲೆ

ಕೇಳದ್ದಕ್ಕೆ ಹೇಳಲಿಲ್ಲ ಎನ್ನುವುದು ಯಾವ ನ್ಯಾಯ ಸ್ವಾಮಿ? ಸೀರೆ ಅಂಗಡಿಯವನೂ ಬಣ್ಣ ಬಿಡುತ್ತದೆ ಎಂದು ಕೇಳದಿದ್ದರೆ ಹೇಳುವುದಿಲ್ಲ. ಅದಕ್ಕೇ ನಾವು ಅಂಗಡಿ ಬದಲಿಸುತ್ತೇವೆ. ಮತ್ತೆ ಆ 31 ಡಿಗ್ರಿಯನ್ನು ನಂಬಬೇಡಿ ಅಕ್ಕಾ. ನಮ್ಮ 37ರಲ್ಲಿ ನೆರಳಿಗೆ ನಿಂತರೆ ಜೀವ ಬರುತ್ತದೆ. ಅಲ್ಲಿ ನೆರಳಿನಲ್ಲೂ ಬೆವರು. ದಿನಕ್ಕೆ ಮೂರು ಸಲ ಮಕ್ಕಳ ಬಟ್ಟೆ ಬದಲಿಸಿದ್ದೇನೆ. ನುವರ ಎಲಿಯದಲ್ಲಿ ಮಾತ್ರ ಸ್ವೆಟರ್ ಬೇಕು, ಅದು 1,868 ಮೀಟರ್ ಎತ್ತರದಲ್ಲಿದೆ. ನಿಮ್ಮ ಅತ್ತೆಯವರ ಅಶೋಕವನ, ಅಂದರೆ ಸೀತಾ ಎಲಿಯ, ಅಲ್ಲೇ ಹತ್ತಿರ. ರಸ್ತೆಗೆ ತಾಗಿಕೊಂಡೇ ಗುಡಿ, ಹಳ್ಳದ ದಂಡೆ, ಹೆಚ್ಚು ಮೆಟ್ಟಿಲಿಲ್ಲ. ಸಿಗಿರಿಯದ ಬಂಡೆಕೋಟೆ ಮಾತ್ರ ಅವರಿಂದ ಆಗುವುದಿಲ್ಲ, ಸಾವಿರದ ಇನ್ನೂರರಷ್ಟು ಮೆಟ್ಟಿಲು. ಕೆಳಗಿನ ಉದ್ಯಾನದಲ್ಲಿ ಕೂರಿಸಿ ಹೋಗಿ.

ಭೂಗೋಳದ ಮಾಸ್ತರ, ಧಾರವಾಡ

ಒಂದು ತಿದ್ದುಪಡಿ, ನನ್ನ ಮಾತಿಗೇ. "ಮೇಯಿಂದ ಸೆಪ್ಟೆಂಬರ್ ಪಶ್ಚಿಮಕ್ಕೆ ಮಳೆ" ಎಂದು ಒಂದೇ ಉಸಿರಿನಲ್ಲಿ ಬರೆದೆ. ಸರಾಸರಿ ನೋಡಿದರೆ ಕೊಲಂಬೊಗೆ ಮೇ ತಿಂಗಳೊಂದರಲ್ಲೇ 390 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ನಮ್ಮ ಹುಬ್ಬಳ್ಳಿಯ ಇಡೀ ವರ್ಷದ ಮಳೆಯ ಅರ್ಧದಷ್ಟು! ಆದರೆ ಜುಲೈ, ಆಗಸ್ಟ್‌ನಲ್ಲಿ 120ರ ಆಸುಪಾಸಿಗೆ ಇಳಿಯುತ್ತದೆ. ಮತ್ತೆ ಅಕ್ಟೋಬರ್‌ನಲ್ಲಿ 350 ದಾಟುತ್ತದೆ. ಜನವರಿಯಲ್ಲಿ 60. ಅಂದರೆ ಪಶ್ಚಿಮಕ್ಕೆ ಕೆಟ್ಟ ತಿಂಗಳುಗಳು ಮೇ ಮತ್ತು ಅಕ್ಟೋಬರ್. ನಡುವಿನ ಆಗಸ್ಟ್‌ನಲ್ಲಿ ಊರು ನೋಡಬಹುದು, ಕಡಲು ಮಾತ್ರ ಒರಟು.

ಟ್ರಿಂಕೊಮಲಿಯದು ಇದಕ್ಕೆ ತಿರುಗುಮುರುಗು. ನವೆಂಬರ್, ಡಿಸೆಂಬರ್‌ನಲ್ಲಿ ತಲಾ 300 ದಾಟುತ್ತದೆ, ಜೂನ್‌ನಲ್ಲಿ 30 ಕೂಡ ಕಷ್ಟ.

ಗದಗದ ಎರೆಹೊಲ

ಜೂನ್‌ನಲ್ಲಿ 30 ಮಿಲಿಮೀಟರ್ ಎಂದರೆ ನಾವು ಬಿತ್ತನೆಯನ್ನೇ ಬಿಡುತ್ತೇವೆ. ಇವರು ಅದನ್ನು "ಒಳ್ಳೆಯ ಹವೆ" ಎನ್ನುತ್ತಾರೆ.

ಸಪ್ತಾಪುರದ ಬಾಡಿಗೆ ಕೋಣೆ

ವಿಮಾನ ಬಿಟ್ಟು ಹಡಗಿನಲ್ಲಿ ಹೋದರೆ? ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಇದೆಯಲ್ಲ.

ಟಿಕೆಟ್ ಕಿಟಕಿ, ಹುಬ್ಬಳ್ಳಿ

ಇದೆ. 2023ರ ಅಕ್ಟೋಬರ್‌ನಲ್ಲಿ ಶುರುವಾಗಿ, ಹಿಂಗಾರು ಬಂದ ಕೂಡಲೇ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಹಿಂಗಾರಿನಲ್ಲಿ ಆ ಕಡಲು ಕೆರಳುತ್ತದೆ, ಆ ದಿನಗಳಲ್ಲಿ ಅದನ್ನು ನಂಬಿ ಕೂರಬೇಡಿ. ಮೊಣಕಾಲು ನೋವಿನವರನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ನಾಗಪಟ್ಟಣ ಮುಟ್ಟುವುದೇ ಒಂದು ಯಾತ್ರೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ತಾಸು. ನೀವು ಹುಬ್ಬಳ್ಳಿಯಿಂದ ಬೆಂಗಳೂರು ಸೇರಲು ಅದರ ನಾಲ್ಕು ಪಟ್ಟು ಬೇಕು.

ಹಾವೇರಿ ಯಾಲಕ್ಕಿ ಮಾಲೆ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಅತ್ತೆಯವರು ಶಾಕಾಹಾರಿಗಳಾಗಿದ್ದರೆ ಕೇಳಿಸಿಕೊಳ್ಳಿ. ಅನ್ನದ ಜೊತೆ ಕೆಂಪಗಿನ ಕಾಯಿ ಚಟ್ನಿ ಇಡುತ್ತಾರೆ, ಪೊಲ್ ಸಂಬೋಲ. ನೋಡಲು ನಮ್ಮ ಹಸಿ ಕೊಬ್ಬರಿ ಚಟ್ನಿಯೇ. ಅದರಲ್ಲಿ ಬಹಳ ಕಡೆ ಒಣಗಿಸಿದ ಮೀನಿನ ಚೂರು ಹಾಕುತ್ತಾರೆ. ನಮ್ಮತ್ತೆ ಎರಡು ದಿನ ಚಪ್ಪರಿಸಿ ತಿಂದರು. ಮೂರನೆಯ ದಿನ ನನಗೆ ತಿಳಿಯಿತು. ನಾನು ಇಂದಿಗೂ ಅವರಿಗೆ ಹೇಳಿಲ್ಲ. ಇಲ್ಲಿ ಬರೆದದ್ದನ್ನು ಹಾವೇರಿಯವರು ಯಾರೂ ಮನೆಗೆ ಮುಟ್ಟಿಸಬೇಡಿ.

ಉಣಕಲ್ ಕೆರೆದಂಡೆ

ಹಾವೇರಿಯ ಯಾವ ಓಣಿ?

ಹಾವೇರಿ ಯಾಲಕ್ಕಿ ಮಾಲೆ

ಹೇಳುವುದಿಲ್ಲ.

ಕೇಶ್ವಾಪುರದ ಸೊಸೆ, ಹುಬ್ಬಳ್ಳಿ

ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತೇನೆ ಹಾಗಾದರೆ. ಈಗ ಲೆಕ್ಕ ಸರಿಯಾಗಿದೆಯೇ ನೋಡಿ. ದಸರೆ ಬೇಡ, ಸಂಧಿಕಾಲ. ಡಿಸೆಂಬರ್, ಜನವರಿ, ಆಗಸ್ಟ್ ಶಾಲೆ ಬಿಡಿಸಬೇಕು. ಹಿರಿಯ ಮಗಳ ಕ್ಲಾಸ್ ಟೀಚರ್ ಒಪ್ಪುವವರಲ್ಲ. ಉಳಿದದ್ದು ಏಪ್ರಿಲ್, ಮೇ. ಪೂರ್ವ ದಂಡೆಯಾದರೆ ಮೇನಲ್ಲಿ ಹೋಗಬಹುದು, ಸರಿಯೇ? ಹುಣ್ಣಿಮೆಗೆ ಬುದ್ಧನ ಹಬ್ಬ, ಊರೆಲ್ಲ ದೀಪ ಹಚ್ಚುತ್ತಾರೆ ಎಂದು ಮಗಳು ಎಲ್ಲಿಯೋ ಓದಿದ್ದಾಳೆ.

ಭೂಗೋಳದ ಮಾಸ್ತರ, ಧಾರವಾಡ

ಅದು ವೇಸಕ್. ನಮ್ಮ ಆಗಿ ಹುಣ್ಣಿಮೆ. ಅವರಿಗೂ ನಮ್ಮ ಹಾಗೆ ಪ್ರತಿ ಹುಣ್ಣಿಮೆಗೆ ಹೆಸರುಂಟು. ನಾವು ಕಾರ ಹುಣ್ಣಿಮೆ ಎನ್ನುವಾಗ ಅವರು ಪೊಸೊನ್, ನಾವು ನೂಲ ಹುಣ್ಣಿಮೆ ಎನ್ನುವಾಗ ಅವರು ನಿಕಿಣಿ, ಹೊಸ್ತಿಲ ಹುಣ್ಣಿಮೆಗೆ ಉಂದುವಪ್. ಅಧಿಕ ಮಾಸ ಬಂದ ವರ್ಷ ಈ ಜೋಡಣೆ ತಪ್ಪಬಹುದು, ಕ್ಯಾಲೆಂಡರ್ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆಯೂ, ಅಂದರೆ ಪೋಯ ದಿನ, ಅಲ್ಲಿ ಸರ್ಕಾರಿ ರಜೆ. ಶ್ರೀಪಾದ ಬೆಟ್ಟ ಹತ್ತುವ ಯಾತ್ರೆಯೂ ಹುಣ್ಣಿಮೆಯಿಂದ ಹುಣ್ಣಿಮೆಗೆ: ಉಂದುವಪ್‌ಗೆ ಆರಂಭ, ವೇಸಕ್‌ಗೆ ಮುಕ್ತಾಯ. ಅದರಾಚೆ ಆ ಬೆಟ್ಟದಲ್ಲಿ ಮಳೆ, ಗಾಳಿ. ಮೆಟ್ಟಿಲ ದೀಪಗಳೂ ಇರುವುದಿಲ್ಲ.

ಎರಡು ಚೀಲ ಒಂದು ಕೊಡೆ, ವಿದ್ಯಾನಗರ

ಪೋಯ ದಿನ ಇಡೀ ದೇಶದಲ್ಲಿ ಮದ್ಯ ಮಾರುವುದಿಲ್ಲ. ಯಾರಿಗೆ ಉಪಯೋಗವೋ ಅವರು ತಿಳಿದುಕೊಳ್ಳಲಿ.

ಉಣಕಲ್ ಕೆರೆದಂಡೆ

ಇದನ್ನು ಮೊದಲೇ ಹೇಳಬೇಕಿತ್ತು.

ಹಾವೇರಿ ಯಾಲಕ್ಕಿ ಮಾಲೆ

ಮೇ ಕೊನೆಯ ಬಗ್ಗೆ ಎಚ್ಚರ ಅಕ್ಕಾ. 2016ರ ಮೇ ತಿಂಗಳಲ್ಲಿ ಅರಣಾಯಕೆಯಲ್ಲಿ ಗುಡ್ಡ ಕುಸಿಯಿತು. 2017ರ ಮೇ ಕೊನೆಯ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಅದೆಲ್ಲ ನೈರುತ್ಯದ ಬದಿಯಲ್ಲಿ, ನಿಜ. ಆದರೆ ವಿಮಾನ ಇಳಿಯುವುದೂ ಆ ಬದಿಯಲ್ಲೇ, ಅಶೋಕವನಕ್ಕೆ ಏರುವ ಘಾಟಿಯೂ ಅದೇ ಬೆಟ್ಟದಲ್ಲಿ. ಮೊದಲ ಮಳೆಗೆ ಡೆಂಗಿಯೂ ಏಳುತ್ತದೆ.

ಬ್ಯಾಡಗಿ ಖಾರ

ಹಾಗಾದರೆ ಏಪ್ರಿಲ್. ಎಲ್ಲರೂ ಸುತ್ತಿ ಸುತ್ತಿ ನಾನು ಹೇಳದೆ ಇದ್ದ ತಿಂಗಳಿಗೇ ಬಂದಿದ್ದೀರಿ.

ಟಿಕೆಟ್ ಕಿಟಕಿ, ಹುಬ್ಬಳ್ಳಿ

ಏಪ್ರಿಲ್ ಎಂದರೆ 13, 14 ಬಿಟ್ಟು. ಅದು ಸಿಂಹಳ ಮತ್ತು ತಮಿಳರ ಹೊಸ ವರ್ಷ. ಅಂಗಡಿ, ಹೋಟೆಲು ಮುಚ್ಚಿ ಊರು ಸೇರುತ್ತಾರೆ, ಡ್ರೈವರ್ ಸಿಗುವುದು ಕಷ್ಟ. ಕೊಲಂಬೊದ ಸ್ಥಿತಿವಂತರೆಲ್ಲ ತಂಪಿಗೆಂದು ನುವರ ಎಲಿಯಕ್ಕೆ ಏರುತ್ತಾರೆ, ಅಲ್ಲಿ ಕೋಣೆ ಬಂಗಾರ. 20ರ ನಂತರ ಹೋಗಿ. ಬೆಟ್ಟದ ಕಡೆ ಮಧ್ಯಾಹ್ನ ಒಂದು ಗುಡುಗಿನ ಮಳೆ ಬರುತ್ತದೆ ಎಂದೇ ತಿಳಿಯಿರಿ. ತಿರುಗಾಟವನ್ನು ಬೆಳಗಿನ ಹೊತ್ತಿಗೆ ಮುಗಿಸಿ. ಮಕ್ಕಳ ಈಜಿಗೆ ಪೂರ್ವ ದಂಡೆಯ ಪಾಸಿಕುಡ ಅಥವಾ ನಿಲಾವೇಲಿ. ಪಾಸಿಕುಡದಲ್ಲಿ ಬಹಳ ದೂರದವರೆಗೂ ನೀರು ಸೊಂಟಕ್ಕೇ ಇರುತ್ತದೆ. ಇಷ್ಟು ಪುಕ್ಕಟೆ ಹೇಳಿದ್ದಕ್ಕೆ ಮೇಲೆ ಬೈದದ್ದು ವಾಪಸ್ ಪಡೆಯಿರಿ.

ಹಾವೇರಿ ಯಾಲಕ್ಕಿ ಮಾಲೆ

ಅರ್ಧ ವಾಪಸ್.

ಗದಗದ ಎರೆಹೊಲ

ಮಿನ್ನೇರಿಯದ ಆನೆಗಳು ಏಪ್ರಿಲ್‌ನಲ್ಲಿ ಒಟ್ಟಾಗಿ ಸಿಗುವುದಿಲ್ಲವಲ್ಲ? ಯಜಮಾನರ ಗತಿ?

ಎರಡು ಚೀಲ ಒಂದು ಕೊಡೆ, ವಿದ್ಯಾನಗರ

ನೂರು ಸಿಗುವುದಿಲ್ಲ, ಐದಾರು ಸಿಗಬಹುದು. ಒಬ್ಬ ಮನುಷ್ಯನಿಗೆ ಎಷ್ಟು ಆನೆ ಬೇಕು?

ಕೇಶ್ವಾಪುರದ ಸೊಸೆ, ಹುಬ್ಬಳ್ಳಿ

ಮೂರು ದಿನ ಬರಲಾಗಲಿಲ್ಲ, ಕ್ಷಮಿಸಿ. ಮನೆಯಲ್ಲಿ ಹೊಸ ಜಗಳ. ಏಪ್ರಿಲ್ ಎಂದು ಹೇಳಿದ ತಕ್ಷಣ ಅತ್ತೆ ಎದ್ದು ನಿಂತರು. "ಏಪ್ರಿಲ್‌ನಲ್ಲಿ ಯಾರಾದರೂ ಮನೆ ಬಿಡುತ್ತಾರೆಯೇ? ಸಂಡಿಗೆ, ಹಪ್ಪಳ, ಶ್ಯಾವಿಗೆ ಯಾರು ಮಾಡುವವರು? ಮಾವಿನಕಾಯಿ ಉಪ್ಪಿನಕಾಯಿ? ಆ ಬಿಸಿಲು ಮತ್ತೆ ಬರುತ್ತದೆಯೇ?" ಇಷ್ಟು ದಿನ ನಾವು ಲಂಕೆಯ ಹವೆಯನ್ನು ಅಳೆದು ತೂಗಿದೆವು, ನಮ್ಮ ಮಾಳಿಗೆಯ ಬಿಸಿಲನ್ನು ಮರೆತಿದ್ದೆವು.

ಯಜಮಾನರು ಮಾಸ್ತರರ ಬರಹವನ್ನು ಅತ್ತೆಗೆ ಓದಿ ಹೇಳಿದರು. ಮೇನಲ್ಲಿ ಆಚೆ ಮಳೆ, ಅಕ್ಟೋಬರ್‌ನಲ್ಲಿ ಎಲ್ಲ ಕಡೆ ಮಳೆ ಎಂದು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಅಶೋಕವನದಲ್ಲಿ ಮಳೆ ಬಂದರೆ ಸೀತೆ ಎಲ್ಲಿ ಕೂರುತ್ತಿದ್ದಳು?" ಎಂದು ಕೇಳಿದರು. ನಮ್ಮ ಯಾರ ಬಳಿಯೂ ಉತ್ತರವಿರಲಿಲ್ಲ.

ಆಪೂಸ್ ಪಕ್ಷ, ಕೆಲಗೇರಿ

ಅತ್ತೆಯವರಿಗೆ ನನ್ನ ಪೂರ್ಣ ಬೆಂಬಲ. ಉಪ್ಪಿನಕಾಯಿಗೆ ಕಾಯಿ ನಾನು ಕಳಿಸುತ್ತೇನೆ.

ಸಪ್ತಾಪುರದ ಬಾಡಿಗೆ ಕೋಣೆ

ಸಂಡಿಗೆಯನ್ನು ಈಗಲೇ ಮಾಡಿದರೆ ಆಗುವುದಿಲ್ಲವೇ? ಬಿಸಿಲು ಈಗಲೂ ಇದೆ. ನಮ್ಮ ಕೋಣೆಯ ತಗಡಿನ ಮೇಲೆ ಬೇಕಾದರೆ ಒಣಹಾಕಿ, ಕಾಯಲು ನಾನಿದ್ದೇನೆ.

ಬ್ಯಾಡಗಿ ಖಾರ

ಕಾಯುತ್ತೀರೋ ತಿನ್ನುತ್ತೀರೋ?

ಕೇಶ್ವಾಪುರದ ಸೊಸೆ, ಹುಬ್ಬಳ್ಳಿ

ಬಗೆಹರಿಯಿತು. ಹೋಳಿ ಮುಗಿದ ಮರುದಿನವೇ ಸಂಡಿಗೆ, ಹಪ್ಪಳ ಶುರು. ಉಪ್ಪಿನಕಾಯಿ ಮೇ ತಿಂಗಳಿಗೆ, ವಾಪಸ್ ಬಂದ ಮೇಲೆ. ಆಪೂಸ್ ಸಹ ಆಗಲೇ ಸಿಗುತ್ತದೆ, ಕೆಲಗೇರಿಯವರು ಸಿಟ್ಟಾಗಬೇಕಿಲ್ಲ. ಏಪ್ರಿಲ್ 22ಕ್ಕೆ ಹೊರಟು 30ಕ್ಕೆ ಬರುತ್ತೇವೆ. ಇಳಿದ ದಿನವೇ ಪಶ್ಚಿಮ ದಂಡೆ ಬಿಟ್ಟು ಸಿಗಿರಿಯ ಕಡೆಗೆ, ಅಲ್ಲಿಂದ ಟ್ರಿಂಕೊಮಲಿಗೆ ನಾಲ್ಕು ರಾತ್ರಿ, ಕೊನೆಗೆ ಕ್ಯಾಂಡಿ, ನುವರ ಎಲಿಯ. ಬೆಂಟೋಟ ಇಲ್ಲ. ಟ್ರಿಂಕೊಮಲಿಯಲ್ಲಿ ಬಂಡೆಯ ಮೇಲೆ ಕೋಣೇಶ್ವರನ ಗುಡಿ ಇದೆ ಎಂದು ತಿಳಿದ ಮೇಲೆ ಅತ್ತೆಯ ಮೊಣಕಾಲು ಅರ್ಧ ಗುಣವಾಗಿದೆ. ವೀಸಾ ಬಗೆಯ ಇಟಿಎ ಅರ್ಜಿಯನ್ನು ಅಧಿಕೃತ ಜಾಲತಾಣದಲ್ಲಿ ನಾವೇ ತುಂಬುತ್ತೇವೆ.

ಒಂದು ಕೊನೆಯ ಪ್ರಶ್ನೆ. ಕೊಡೆ ಒಯ್ಯಬೇಕೇ, ಬೇಡವೇ?

ಗದಗದ ಎರೆಹೊಲ

ಒಯ್ಯಿರಿ. ಮಳೆ ಬರದಿದ್ದರೆ ಅತ್ತೆಯವರಿಗೆ ಊರುಗೋಲಾಗುತ್ತದೆ.

ಉಣಕಲ್ ಕೆರೆದಂಡೆ

ಸಂಡಿಗೆ ಯಾವಾಗ ಒಣಗುತ್ತದೆ?